ಬಾಗಲಕೋಟೆ ಸೀಮೆಯ ಸುಣ್ಣಕಲ್ಲೂ ಮನೆಯ ಹವಳತೊಟ್ಟಿಯೂ

ಅರಬ್ಬೀ ಸಮುದ್ರದಿಂದ ನೇರ ದಾರಿಯಲ್ಲಿ ಸುಮಾರು ೨೦೦ರಿಂದ ೨೫೦ ಕಿಲೋಮೀಟರು ಒಳಗೆ, ಸಮುದ್ರಮಟ್ಟಕ್ಕಿಂತ ಐದುನೂರು ಮೀಟರಿನಷ್ಟು ಮೇಲೆ ಇರುವ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಸೀಮೆಯನ್ನು ಹಿಡಿದು ಹವಳದ ವಿಚಾರವನ್ನೆತ್ತುವುದು ಮೊದಲ ನೋಟಕ್ಕೆ ಅಸಂಗತವೆಂದು ತೋರಬಹುದು. ಆದರೂ ಇದಕ್ಕೆ ಎರಡು ಕಾರಣಗಳುಂಟು. ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನುಗಳನ್ನು ಸಾಕುವ ಹವ್ಯಾಸವು ಒಳನಾಡಿನ ಪಟ್ಟಣಗಳಿಗೂ ಹಬ್ಬಿದ್ದು, ಉಪ್ಪುನೀರಿನ ತೊಟ್ಟಿಯನ್ನೂ ಹವಳವನ್ನೂ ಇಲ್ಲಿ ಸಾಕಬಹುದೇ ಎಂಬ ಪ್ರಶ್ನೆ ಸಹಜವಾಗಿ ಹುಟ್ಟುತ್ತದೆ. ಇದು ಮೊದಲನೆಯ ಕಾರಣ. ಈ ಸೀಮೆಯೇ ಒಂದಾನೊಂದು ಕಾಲದಲ್ಲಿ ಆಳವಿಲ್ಲದ ಕಡಲಾಗಿದ್ದು, ಅದರಲ್ಲಿ ಜೀವಿಗಳೇ ಕಟ್ಟಿದ ಸುಣ್ಣದ ದಿಬ್ಬಗಳಿದ್ದುವೆಂಬುದು ಎರಡನೆಯದು. ಈ ಎರಡು ಸಂಗತಿಗಳನ್ನು ಒಂದರ ಬೆಳಕಿನಲ್ಲಿ ಇನ್ನೊಂದನ್ನಿಟ್ಟು ನೋಡಿದರೆ ಎರಡೂ ಹೆಚ್ಚು ಸ್ಪಷ್ಟವಾಗುತ್ತವೆ. ಆ ಪ್ರಯತ್ನವನ್ನು ನಾವು ಇಲ್ಲಿ ಕೈಗೊಂಡಿದ್ದೇವೆ.

೧. ಹವಳದ ಸ್ವರೂಪ

ಹವಳವೆಂಬ ಮಾತು ನಮ್ಮ ಜನರಿಗೆ ಮೊದಲು ಸೂಚಿಸುವುದು ಕೊರಳ ಸರದ ಕೆಂಪು ಮಣಿಯನ್ನು. ನವರತ್ನಗಳಲ್ಲಿ ಒಂದಾಗಿ, ಪ್ರವಾಳವೆಂದೂ ವಿದ್ರುಮವೆಂದೂ ಹೆಸರಾದ ಈ ಕೆಂಪು ಹವಳವು ಪ್ರಾಚೀನ ಕಾಲದಿಂದಲೂ ಮೆಡಿಟರೇನಿಯನ್ ಸಮುದ್ರದಿಂದ ನಮ್ಮ ದೇಶಕ್ಕೆ ಬರುತ್ತಿದ್ದ ಸರಕು. ಅದು ಮಂದಬೆಳಕಿನ ನೀರಿನಲ್ಲಿ ಬೆಳೆಯುವುದು, ದಿಬ್ಬಗಳನ್ನು ಕಟ್ಟುವುದಿಲ್ಲ. ನಾವು ಇಲ್ಲಿ ವಿಚಾರಿಸುವುದು ಬೆಚ್ಚನೆಯ, ತಿಳಿಯಾದ, ಬಿಸಿಲು ಬೀಳುವ ನೀರಿನಲ್ಲಿ ಬೆಳೆದು ದಿಬ್ಬ ಕಟ್ಟುವ ಕಲ್ಲುಹವಳಗಳನ್ನು.

ಕಲ್ಲುಹವಳವು ಗಿಡವಲ್ಲ, ಕಲ್ಲೂ ಅಲ್ಲ, ಪ್ರಾಣಿ. ಒಂದೊಂದು ಹವಳಜೀವಿಯೂ ಸಣ್ಣ ಚೀಲದಂತಿದ್ದು, ಬಾಯಿಯ ಸುತ್ತ ಸ್ಪರ್ಶಾಂಗಗಳ ವರ್ತುಲವನ್ನು ಹೊಂದಿರುತ್ತದೆ. ತನ್ನ ಬುಡದಲ್ಲಿ ಅದು ಸುಣ್ಣದ ಬಟ್ಟಲನ್ನು ಕಟ್ಟಿಕೊಳ್ಳುತ್ತದೆ. ಅದರ ಅಂಗಾಂಶದೊಳಗೆ ಜೂಜ್ಯಾಂತೆಲ್ಲೆ ಎಂಬ ಏಕಕೋಶದ ಪಾಚಿಗಳು ನೆಲಸಿರುತ್ತವೆ. ಬೆಳಕಿನಲ್ಲಿ ಈ ಪಾಚಿಗಳು ತಯಾರಿಸುವ ಆಹಾರದ ಹೆಚ್ಚಿನ ಭಾಗವು ಹವಳಕ್ಕೆ ಸಲ್ಲುತ್ತದೆ; ಹವಳವು ಪಾಚಿಗೆ ಆಶ್ರಯವನ್ನೂ ಸಾರವನ್ನೂ ಕೊಡುತ್ತದೆ. ಈ ಸಹಬಾಳುವೆ ಬಹು ಸೂಕ್ಷ್ಮವಾದುದು. ನೀರಿನ ಉಷ್ಣತೆಯು ಆ ಸ್ಥಳದ ವಾಡಿಕೆಯ ಬೇಸಗೆಯ ಮಿತಿಯನ್ನು ಒಂದೆರಡು ಡಿಗ್ರಿಯಷ್ಟು ಮೀರಿ ಕೆಲವು ವಾರ ನಿಂತರೂ ಸಾಕು, ಪಾಚಿಗಳು ಹೊರದೂಡಲ್ಪಟ್ಟು ಹವಳವು ಬೆಳ್ಳಗಾಗುತ್ತದೆ. ಲಕ್ಷದ್ವೀಪದ ದಿಬ್ಬಗಳು ೧೯೯೮, ೨೦೧೦, ೨೦೧೬ ಮತ್ತು ೨೦೨೪ರಲ್ಲಿ ಹೀಗೆ ಬೆಳ್ಳಗಾದುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ನಮ್ಮ ನಾಡಿನ ಮಟ್ಟಿಗೆ ಹವಳವನ್ನು ನೋಡಬೇಕಾದರೆ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಣ ನೀರೇ ಪ್ರಸಿದ್ಧವಾದ ಸ್ಥಳ.

೨. ಬಾಗಲಕೋಟೆಯ ಪುರಾತನ ದಿಬ್ಬಗಳು

ಬಾಗಲಕೋಟೆಯ ಪಶ್ಚಿಮಕ್ಕಿರುವ ಕಲಾದಗಿಯ ಹೆಸರು ಭೂವಿಜ್ಞಾನದಲ್ಲಿ ನೆಲೆಗೊಂಡಿದೆ. ರಾಬರ್ಟ್ ಬ್ರೂಸ್ ಫೂಟ್ ಅವರು ದಕ್ಷಿಣ ಮರಾಠಾ ಪ್ರಾಂತ್ಯದ ಭೂರಚನೆಯನ್ನು ಕುರಿತು ೧೮೭೬ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಲ್ಲಿಯ ಪದರಶಿಲೆಗಳನ್ನು ವಿವರಿಸಿದರು. ಇಂದು ಕಲಾದಗಿ ಮಹಾಸಮೂಹವೆಂದು ಕರೆಯುವ ಈ ಶಿಲೆಗಳಲ್ಲಿ ಎರಡು ಭಾಗಗಳುಂಟು. ಕೆಳಗಿನದು ಬಾಗಲಕೋಟೆ ಸಮೂಹ. ಮರಳುಗಲ್ಲು, ಜೇಡಿಶಿಲೆ, ಸುಣ್ಣಕಲ್ಲು, ಡಾಲೊಮೈಟುಗಳಿಂದಾದ ಇದರ ಪದರಗಳು ಮಡಿಕೆಬಿದ್ದು ವಾಲಿವೆ. ಮೇಲಿನದು ಬಾದಾಮಿ ಸಮೂಹ. ಇದರ ಪದರಗಳು ಬಹುಮಟ್ಟಿಗೆ ಸಮತಲವಾಗಿವೆ. ಚಾಲುಕ್ಯರು ಬಾದಾಮಿಯ ಗುಹಾಲಯಗಳನ್ನು ಕಡೆದುದು ಈ ಮೇಲಿನ ಸಮೂಹದ ಕೆಂಪು ಮರಳುಗಲ್ಲಿನಲ್ಲಿ. ಇವೆರಡಕ್ಕೂ ತಳಗಟ್ಟಾಗಿರುವುದು ಹುನಗುಂದದ ಸುತ್ತಣ ಪದರುಶಿಲೆಗಳು, ಇಳಕಲ್ಲಿನ ಕೆಂಪು ಗ್ರಾನೈಟು ಮೊದಲಾದ, ಇನ್ನೂರು ಕೋಟಿ ವರ್ಷಕ್ಕೂ ಹಿಂದಿನ ಶಿಲೆಗಳು.

ಬಾಗಲಕೋಟೆ ಸಮೂಹದ ಸುಣ್ಣಶಿಲೆಗಳ ವಯಸ್ಸು ನೂರು ಕೋಟಿ ವರ್ಷಕ್ಕೂ ಹೆಚ್ಚು. ಅವುಗಳಲ್ಲಿ, ಮುಖ್ಯವಾಗಿ ಚಿತ್ರಭಾನುಕೋಟೆ ಡಾಲೊಮೈಟ್ ಎಂಬ ಹಾಸಿನಲ್ಲಿ, ಸ್ಟ್ರೊಮಾಟೊಲೈಟುಗಳೆಂಬ ರಚನೆಗಳು ಕಾಣಸಿಗುತ್ತವೆ. ಜೋಳದ ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಉಬ್ಬಿದ ತೆಳುಪದರಗಳು. ಅಡ್ಡಲಾಗಿ ಸವೆದ ಕಡೆಗಳಲ್ಲಿ ಕೊಯ್ದ ಈರುಳ್ಳಿಯಂತೆ ಒಂದರೊಳಗೊಂದು ಸೇರಿದ ವರ್ತುಲಗಳು. ಸ್ಟ್ರೊಮಾಟೊಲೈಟ್ ಎಂಬ ಹೆಸರನ್ನು ೧೯೦೮ರಲ್ಲಿ ಕೊಟ್ಟವರು ಜರ್ಮನಿಯ ಕಾಲ್ಕೋವ್‌ಸ್ಕಿ. ಇವು ಹವಳಗಳಲ್ಲ. ಆ ಕಾಲಕ್ಕೆ ಹವಳವಾಗಲಿ ಮೀನಾಗಲಿ ಬಸವನಹುಳುವಾಗಲಿ ಹುಟ್ಟಿರಲಿಲ್ಲ. ಇಂದಿನ ಕಲ್ಲುಹವಳಗಳ ವಂಶವು ಕಾಣಿಸಿಕೊಂಡುದು ಸುಮಾರು ೨೪ ಕೋಟಿ ವರ್ಷಗಳ ಹಿಂದೆ. ಈ ದಿಬ್ಬಗಳನ್ನು ಕಟ್ಟಿದುವು ಸಯನೋಬ್ಯಾಕ್ಟೀರಿಯಗಳು, ಎಂದರೆ ನೀಲಿ-ಹಸಿರು ಪಾಚಿಗಳೆಂದು ಹಿಂದೆ ಕರೆಯುತ್ತಿದ್ದ ಸೂಕ್ಷ್ಮಜೀವಿಗಳು.

ಇವುಗಳ ಕಟ್ಟಡದ ಕ್ರಮವು ಸರಳವಾದುದು. ಆಳವಿಲ್ಲದ ನೀರಿನ ತಳದಲ್ಲಿ ಈ ಜೀವಿಗಳು ಅಂಟಂಟಾದ ಚಾಪೆಯಂತೆ ಹರಡಿಕೊಳ್ಳುತ್ತವೆ. ತೆರೆ ತಂದ ಸಣ್ಣ ಕಣಗಳು ಅಂಟಿಗೆ ಸಿಕ್ಕಿಕೊಳ್ಳುತ್ತವೆ. ಬೆಳಕಿನಲ್ಲಿ ಜೀವಿಗಳು ನೀರಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡಾಗ ನೀರಿನ ಆಮ್ಲೀಯತೆ ತಗ್ಗಿ ಸುಣ್ಣವು ಹರಳಾಗಿ ಕೂರುತ್ತದೆ. ಮುಚ್ಚಿಹೋದ ಚಾಪೆಯ ಮೇಲೆ ಜೀವಿಗಳು ಮತ್ತೆ ಬೆಳಕಿಗಾಗಿ ಏರಿ ಹೊಸ ಚಾಪೆಯನ್ನು ಹಾಸುತ್ತವೆ. ಹೀಗೆ ಪದರದ ಮೇಲೆ ಪದರ ಕೂಡಿ ದಿಬ್ಬವಾಗುತ್ತದೆ. ಇದು ಬರಿಯ ಊಹೆಯಲ್ಲ. ಪಶ್ಚಿಮ ಆಸ್ಟ್ರೇಲಿಯದ ಶಾರ್ಕ್ ಕೊಲ್ಲಿಯಲ್ಲಿ ಇಂದಿಗೂ ಬೆಳೆಯುತ್ತಿರುವ ಇಂಥ ದಿಬ್ಬಗಳನ್ನು ಲೋಗನ್ ೧೯೬೧ರಲ್ಲಿ ವರ್ಣಿಸಿದರು. ಅಲ್ಲಿಯ ನೀರಿನ ಲವಣತೆ ಸಾಮಾನ್ಯ ಕಡಲಿನ ಸುಮಾರು ಇಮ್ಮಡಿಯಾಗಿರುವುದರಿಂದ ಚಾಪೆಯನ್ನು ಮೇಯುವ ಬಸವನಹುಳುಗಳು ಅಲ್ಲಿ ಕಡಿಮೆ. ಆದುದರಿಂದಲೇ ಚಾಪೆಗಳು ಉಳಿದುಕೊಂಡಿವೆ.

೩. ತೊಟ್ಟಿಯಲ್ಲಿ ಕಾಣುವ ಅನುಕ್ರಮ

ಕಡಲಜೀವಿಗಳನ್ನು ಒಳನಾಡಿನಲ್ಲಿ ಸಾಕುವ ಪ್ರಯತ್ನವು ಹೊಸದೇನೂ ಅಲ್ಲ. ೧೮೪೬ರಲ್ಲಿ ಇಂಗ್ಲೆಂಡಿನ ಆನಾ ಥಿನ್ ಎಂಬ ಮಹಿಳೆ ಟಾರ್ಕೀ ಎಂಬ ಕರಾವಳಿಯ ಊರಿನಿಂದ ಸಣ್ಣ ಕಲ್ಲುಹವಳಗಳನ್ನು ಲಂಡನ್ನಿಗೆ ತಂದು ಗಾಜಿನ ಪಾತ್ರೆಯಲ್ಲಿ ಬದುಕಿಸಿದರು. ನೀರಿಗೆ ಗಾಳಿ ಸೇರಿಸಲು ಅವರಲ್ಲಿದ್ದ ಉಪಾಯ ಒಂದೇ: ತೆರೆದ ಕಿಟಕಿಯ ಬಳಿ ಸೇವಕಿಯೊಬ್ಬಳು ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತಿ ಸುರಿಯುತ್ತಿದ್ದಳು. ಮರುವರ್ಷ ಕಡಲ ಪಾಚಿಯನ್ನು ಸೇರಿಸಿದ ಮೇಲೆ ಆ ಶ್ರಮ ತಗ್ಗಿತು. ೧೮೫೩ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯವು ತೆರೆಯಿತು. ೧೯೬೧ರಲ್ಲಿ ಜಕಾರ್ತದ ಲೀ ಚಿನ್ ಎಂಗ್ ಅವರು ಯಂತ್ರಶೋಧಕಗಳಿಗೆ ಬದಲಾಗಿ ಜೀವಾಣುಗಳಿಂದ ತುಂಬಿದ ಕಡಲ ಕಲ್ಲುಗಳನ್ನೇ ತೊಟ್ಟಿಯಲ್ಲಿರಿಸಿ, ಗಾಳಿಯ ಗುಳ್ಳೆಗಳಿಂದ ನೀರನ್ನಾಡಿಸುವ ಪ್ರಾಕೃತಿಕ ಪದ್ಧತಿಯನ್ನು ಪ್ರಕಟಿಸಿದರು. ಇಂದಿನ ಹವಳತೊಟ್ಟಿಯ ತತ್ತ್ವ ಅದೇ.

ಹೊಸ ತೊಟ್ಟಿಯಲ್ಲಿ ನಡೆಯುವ ಮೊದಲ ಕಾರ್ಯವು ಕಣ್ಣಿಗೆ ಕಾಣುವುದಿಲ್ಲ. ಜೀವಿಗಳ ಮಲದಿಂದಲೂ ಕೊಳೆಯುವ ಆಹಾರದಿಂದಲೂ ಅಮೋನಿಯ ಹುಟ್ಟುತ್ತದೆ. ಇದು ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಗಳು ಇದನ್ನು ನೈಟ್ರೈಟಾಗಿಯೂ, ಇನ್ನೊಂದು ಬಗೆಯವು ನೈಟ್ರೈಟನ್ನು ಅಷ್ಟು ಅಪಾಯವಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಈ ಬ್ಯಾಕ್ಟೀರಿಯಗಳು ಕಲ್ಲಿನ ರಂಧ್ರಗಳಲ್ಲಿ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಮೀನನ್ನು ಬಿಡಬಾರದು. ಆತುರದಿಂದ ಬಿಟ್ಟ ಮೀನುಗಳು ಸಾಯುವುದಕ್ಕೆ ಮುಖ್ಯ ಕಾರಣ ಇದೇ.

ಎರಡನೆಯ ಹಂತವು ಕಣ್ಣಿಗೆ ಬೀಳುತ್ತದೆ. ಮರಳಿನ ಮೇಲೆ ಕಡುಗೆಂಪು ಅಥವಾ ಕಪ್ಪುಹಸಿರು ಲೋಳೆಯ ಹೊದಿಕೆಯೊಂದು ಹರಡಿ, ಬೆಳಕಿನಲ್ಲಿ ಅದರ ಮೇಲೆ ಆಮ್ಲಜನಕದ ಸಣ್ಣ ಗುಳ್ಳೆಗಳು ಮೂಡುತ್ತವೆ. ತೊಟ್ಟಿಯನ್ನು ಸಾಕುವವರು ಇದನ್ನು ಪೀಡೆಯೆಂದು ಬಗೆದು ತೆಗೆದುಹಾಕುತ್ತಾರೆ. ಆದರೆ ಇದು ಸಯನೋಬ್ಯಾಕ್ಟೀರಿಯವೇ. ಬಾಗಲಕೋಟೆಯ ಡಾಲೊಮೈಟಿನಲ್ಲಿ ಪದರಗಟ್ಟಿ ಕಲ್ಲಾದ ಜೀವಿಗಳ ವರ್ಗಕ್ಕೆ ಸೇರಿದುದು. ಬಸವನಹುಳುಗಳನ್ನು ಬಿಟ್ಟು, ನೀರಿನ ಚಲನೆಯನ್ನು ಹೆಚ್ಚಿಸಿ, ಆಹಾರವನ್ನು ಮಿತಗೊಳಿಸಿದರೆ ಲೋಳೆಯು ಹಿಂದೆ ಸರಿಯುತ್ತದೆ; ಕಲ್ಲುಗಳ ಮೇಲೆ ನೇರಿಳೆ ಬಣ್ಣದ ಸುಣ್ಣಪಾಚಿ ಕಾಣಿಸಿಕೊಳ್ಳುತ್ತದೆ. ಮೇಯುವ ಪ್ರಾಣಿಗಳು ಹುಟ್ಟಿದ ಮೇಲೆ ಪ್ರಪಂಚದ ಕಡಲುಗಳಲ್ಲಿ ಸ್ಟ್ರೊಮಾಟೊಲೈಟುಗಳು ವಿರಳವಾಗುತ್ತ ಬಂದುವು. ಅದಕ್ಕೆ ವಿದ್ವಾಂಸರು ಹೇಳುವ ಕಾರಣಗಳಲ್ಲಿ ಈ ಮೇವೂ ಒಂದು. ಕೋಟ್ಯಂತರ ವರ್ಷಗಳಲ್ಲಿ ನಡೆದುದರ ಒಂದು ಸಣ್ಣ ಪ್ರತಿಕೃತಿಯು ಕೆಲವೇ ತಿಂಗಳುಗಳಲ್ಲಿ ಗಾಜಿನೊಳಗೆ ನಮಗೆ ಕಾಣಸಿಗುತ್ತದೆಯೆನ್ನಬಹುದು.

೪. ಸುಣ್ಣದ ಲೆಕ್ಕ

ಸಾಮಾನ್ಯ ಲವಣತೆಯ ಕಡಲನೀರಿನ ಒಂದು ಲೀಟರಿನಲ್ಲಿ ಸುಮಾರು ೩೫ ಗ್ರಾಂ ಲವಣಗಳಿದ್ದು, ಅದರಲ್ಲಿ ಕ್ಯಾಲ್ಸಿಯಂ ಸುಮಾರು ೪೧೦ ಮಿಲಿಗ್ರಾಂ, ಮೆಗ್ನೀಸಿಯಂ ಸುಮಾರು ೧,೩೦೦ ಮಿಲಿಗ್ರಾಂ ಇರುತ್ತವೆ. ಕ್ಯಾಲ್ಸಿಯಮ್ಮೂ ಬೈಕಾರ್ಬೊನೇಟೂ ಕೂಡಿ ಸುಣ್ಣಕಲ್ಲಿನ ದ್ರವ್ಯವಾದ ಕ್ಯಾಲ್ಸಿಯಂ ಕಾರ್ಬೊನೇಟಾಗುತ್ತದೆ. ನೂರು ಲೀಟರಿನ ತೊಟ್ಟಿಯಲ್ಲಿರುವ ಕ್ಯಾಲ್ಸಿಯಮ್ಮಿನ ಒಟ್ಟು ಮೊತ್ತ ೪೧ ಗ್ರಾಂ ಮಾತ್ರ. ಕಲ್ಲುಹವಳಗಳು ಚೆನ್ನಾಗಿ ಬೆಳೆಯುವ ಅಂಥ ತೊಟ್ಟಿಯಲ್ಲಿ ದಿನಕ್ಕೆ ಒಂದು ಗ್ರಾಂ ಕ್ಯಾಲ್ಸಿಯಂ, ಎಂದರೆ ಎರಡೂವರೆ ಗ್ರಾಂ ಸುಣ್ಣಕಲ್ಲು, ಕಟ್ಟಡಕ್ಕೆ ಹೋಗುತ್ತದೆಯೆಂದು ಇಟ್ಟುಕೊಂಡರೆ ಬೈಕಾರ್ಬೊನೇಟು ಕೆಲವೇ ದಿನಗಳಲ್ಲಿ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಕಡಲಿನಲ್ಲಿ ಈ ಕೊರತೆ ತಿಳಿಯದು. ತೊಟ್ಟಿಯಲ್ಲಿ ಅದನ್ನು ತುಂಬಲೇಬೇಕು.

ಸುಣ್ಣಕಲ್ಲಿನ ನಾಡಿನಲ್ಲಿದ್ದು ಸುಣ್ಣದ ಕೊರತೆಯೇ ಎಂದು ಯಾರಾದರೂ ಕೇಳಬಹುದು. ಬಾಗಲಕೋಟೆಯ ಕಲ್ಲಿನ ಚೂರುಗಳನ್ನೇ ತೊಟ್ಟಿಗೆ ಹಾಕಿದರೆ ಸಾಕಲ್ಲವೇ ಎಂದೂ ತೋರಬಹುದು. ಇದು ಸಾಗದು. ಉಷ್ಣವಲಯದ ಕಡಲ ಮೇಲುನೀರು ಸುಣ್ಣದ ಮಟ್ಟಿಗೆ ಅತಿಸಂತೃಪ್ತವಾಗಿರುತ್ತದೆ. ಎಂದರೆ ಕರಗಿಸಿಕೊಳ್ಳಬಹುದಾದುದಕ್ಕಿಂತ ಹೆಚ್ಚು ಸುಣ್ಣ ಅದರಲ್ಲಿ ಆಗಲೇ ಇದೆ. ಆದುದರಿಂದ ಪಿ.ಎಚ್. ೮ಕ್ಕಿಂತ ಮೇಲಿರುವ ತೊಟ್ಟಿಯಲ್ಲಿ ಸುಣ್ಣಕಲ್ಲು ಕರಗುವುದಿಲ್ಲ. ಡಾಲೊಮೈಟಂತೂ ಇನ್ನೂ ನಿಧಾನ. ಕಲ್ಲನ್ನು ಕರಗಿಸಬೇಕಾದರೆ ಬೇರೆಯೊಂದು ಕೊಳವೆಯಲ್ಲಿ ಇಂಗಾಲದ ಡೈಆಕ್ಸೈಡನ್ನು ಹಾಯಿಸಿ ಪಿ.ಎಚ್.ಅನ್ನು ೬.೫ರ ಸಮೀಪಕ್ಕೆ ಇಳಿಸಬೇಕಾಗುತ್ತದೆ.

ಇನ್ನೊಂದು ದಾರಿಯು ನಮ್ಮ ಸುಣ್ಣದ ಭಟ್ಟಿಗಳ ದಾರಿ. ನೂರು ಗ್ರಾಂ ಶುದ್ಧ ಸುಣ್ಣಕಲ್ಲನ್ನು ಸುಟ್ಟರೆ ೪೪ ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ೫೬ ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿ ಅರಳಿಸಿದರೆ ಅದು ೭೪ ಗ್ರಾಂ ಆಗುತ್ತದೆ. ಈ ಅರಳಿದ ಸುಣ್ಣವು ಲೀಟರಿಗೆ ಸುಮಾರು ಒಂದೂವರೆ ಗ್ರಾಮಿನಷ್ಟು ಕರಗುತ್ತದೆ. ಗಸಿಯನ್ನು ಬಿಟ್ಟು ಬಸಿದ ತಿಳಿನೀರನ್ನು ತೊಟ್ಟಿಗೆ ಹನಿಹನಿಯಾಗಿ ಸೇರಿಸಿದರೆ, ಅದು ನೀರಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ಬೈಕಾರ್ಬೊನೇಟನ್ನೂ ಕ್ಯಾಲ್ಸಿಯಮ್ಮನ್ನೂ ಹವಳಕ್ಕೆ ಬೇಕಾದ ಪ್ರಮಾಣದಲ್ಲಿಯೇ ಒದಗಿಸುತ್ತದೆ. ಭಟ್ಟಿಯಲ್ಲಿ ಕಳೆದುದು ತೊಟ್ಟಿಯಲ್ಲಿ ಮರಳಿ ಕೂಡುತ್ತದೆ. ೧೯೭೦ರ ದಶಕದಲ್ಲಿ ಪೀಟರ್ ವಿಲ್ಕೆನ್ಸ್ ಅವರು ಪ್ರಚಾರಕ್ಕೆ ತಂದ ಕಾಲ್ಕ್‌ವಾಸ್ಸರ್ ಎಂಬ ದ್ರವವು ಇದೇ. ಆ ಜರ್ಮನ್ ಪದದ ಅರ್ಥವೂ ಸುಣ್ಣದ ನೀರೆಂದೇ. ಮೇಲೆ ಹೇಳಿದ ಒಂದು ಗ್ರಾಂ ಕ್ಯಾಲ್ಸಿಯಮ್ಮಿಗೆ ದಿನಕ್ಕೆ ಸುಮಾರು ಒಂದೂಕಾಲು ಲೀಟರ್ ತಿಳಿನೀರು ಸಾಕು. ಆದರೆ ಇದರ ಪಿ.ಎಚ್. ೧೨ಕ್ಕೂ ಹೆಚ್ಚು, ಒಮ್ಮೆಲೇ ಸುರಿದರೆ ಜೀವಿಗಳು ಸಾಯುತ್ತವೆ, ಕಣ್ಣಿಗೆ ತಗುಲಿದರೆ ಅಪಾಯ. ತೊಟ್ಟಿಯ ಪಿ.ಎಚ್. ಇಳಿದಿರುವ ರಾತ್ರಿಯ ವೇಳೆಯಲ್ಲಿ ನಿಧಾನವಾಗಿ ತೊಟ್ಟಿಕ್ಕಿಸುವುದು ಉತ್ತಮ. ಭಟ್ಟಿಯ ಸುಣ್ಣದಲ್ಲಿ ಉರುವಲಿನ ಬೂದಿಯೂ ಇತರ ಕಲ್ಮಷಗಳೂ ಬೆರೆತಿರುವುದರಿಂದ ಅದನ್ನು ಬಳಸದೆ ಪ್ರಯೋಗಶಾಲೆಗೆ ಯೋಗ್ಯವಾದ ಶುದ್ಧ ಸುಣ್ಣವನ್ನೇ ಬಳಸಬೇಕು.

೫. ನೀರು, ಉಪ್ಪು, ಬೇಸಗೆ

ಅಡಿಗೆಯ ಉಪ್ಪಿನಿಂದ ಕಡಲನೀರಾಗದು. ಕಡಲ ಲವಣಗಳಲ್ಲಿ ಸೋಡಿಯಮ್ಮೂ ಕ್ಲೋರೈಡೂ ಸೇರಿ ಸುಮಾರು ನೂರಕ್ಕೆ ೮೫ ಪಾಲು; ಉಳಿದ ೧೫ ಪಾಲಿನಲ್ಲಿರುವ ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂಗಳಿಲ್ಲದೆ ಜೀವಿಗಳು ಬಾಳಲಾರವು. ಆದುದರಿಂದ ಇದಕ್ಕಾಗಿಯೇ ತಯಾರಿಸಿದ ಮಿಶ್ರಲವಣವು ಬೇಕು. ಅದನ್ನು ಕರಗಿಸುವ ನೀರು ನಮ್ಮ ಕೊಳವೆಬಾವಿಯ ಗಡಸುನೀರಾಗಬಾರದು. ಈ ಸೀಮೆಯಲ್ಲಿ ಫ್ಲೋರೈಡಿನ ಅಂಶ ಹೆಚ್ಚಾಗಿರುವ ಬಾವಿಗಳಿರುವುದು ಕುಡಿಯುವವರಿಗೆ ಗಂಭೀರವಾದ ಸಮಸ್ಯೆ. ತೊಟ್ಟಿಗೆ ಅಷ್ಟು ಮುಖ್ಯವಲ್ಲ, ಏಕೆಂದರೆ ಕಡಲನೀರಿನಲ್ಲಿಯೇ ಲೀಟರಿಗೆ ಸುಮಾರು ೧.೩ ಮಿಲಿಗ್ರಾಂ ಫ್ಲೋರೈಡ್ ಉಂಟು. ತೊಟ್ಟಿಗೆ ಕೆಡುಕಾಗುವುದು ಹೊಲಗಳಿಂದ ಇಂಗಿ ಬಂದ ನೈಟ್ರೇಟು ಮತ್ತು ಶಿಲೆಗಳಿಂದ ಬಂದ ಸಿಲಿಕೇಟು. ಇವೆರಡೂ ಬೇಡದ ಪಾಚಿಗಳಿಗೆ ಗೊಬ್ಬರ. ಆದುದರಿಂದ ಸೂಕ್ಷ್ಮಪೊರೆಯ ಮೂಲಕ ಶುದ್ಧಿಮಾಡಿದ ನೀರೇ ಯೋಗ್ಯವಾದುದು.

ಈ ಸೀಮೆಯ ಬೇಸಗೆಯಲ್ಲಿ ಹಗಲಿನ ಉಷ್ಣತೆ ೪೦ ಡಿಗ್ರಿಯನ್ನು ದಾಟುವುದುಂಟು. ಹವಳತೊಟ್ಟಿಗೆ ಬೇಕಾದುದು ೨೪ರಿಂದ ೨೭ ಡಿಗ್ರಿ. ನೀರು ಬೆಚ್ಚಗಾದಂತೆ ಅದರಲ್ಲಿ ಕರಗುವ ಆಮ್ಲಜನಕವೂ ತಗ್ಗುತ್ತದೆ. ಇಲ್ಲಿ ನಮ್ಮ ಒಣಹವೆಯಿಂದ ಒಂದು ಅನುಕೂಲವಿದೆ. ಮಣ್ಣಿನ ಕೊಡದ ನೀರು ತಂಪಾಗುವ ತತ್ತ್ವವೇ ಇಲ್ಲಿಯೂ ಕೆಲಸಮಾಡುತ್ತದೆ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು ೫೮೦ ಕಿಲೊಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ಹೊರಗಿನಿಂದ ಶಾಖ ಸೇರದಿದ್ದರೆ ನೂರು ಲೀಟರನ್ನು ಐದಾರು ಡಿಗ್ರಿ ತಂಪುಮಾಡಲು ಇಷ್ಟು ಸಾಕು. ನೀರಿನ ಮೇಲ್ಮೈಗೆ ಬೀಸುವ ಸಣ್ಣ ಪಂಖವು ಮಾರ್ಚಿಯಿಂದ ಮೇ ತಿಂಗಳವರೆಗಿನ ಒಣಹವೆಯಲ್ಲಿ ಕರಾವಳಿಯಲ್ಲಿಗಿಂತ ಇಲ್ಲಿ ಹೆಚ್ಚು ಫಲಕಾರಿ. ಆದರೂ ನಡುಬೇಸಗೆಯಲ್ಲಿ ಇದೊಂದನ್ನೇ ನಂಬುವಂತಿಲ್ಲ. ತೊಟ್ಟಿಯನ್ನು ಮನೆಯ ನಡುವಿನ, ದಪ್ಪ ಗೋಡೆಯ, ಬಿಸಿಲು ಬೀಳದ ಕೋಣೆಯಲ್ಲಿ ಇರಿಸಬೇಕು.

ಆವಿಯಾಗಿ ಹೋಗುವುದು ನೀರು ಮಾತ್ರ. ಉಪ್ಪು ಹಿಂದೆಯೇ ಉಳಿಯುತ್ತದೆ. ನೂರು ಲೀಟರಿನಲ್ಲಿ ಐದು ಲೀಟರ್ ಆರಿದರೆ ೩೫ ಇದ್ದ ಲವಣತೆ ೩೬.೮ಕ್ಕೆ ಏರುತ್ತದೆ. ಆದುದರಿಂದ ದಿನದಿನವೂ ತುಂಬಬೇಕಾದುದು ಉಪ್ಪುನೀರಲ್ಲ, ಶುದ್ಧವಾದ ಸಿಹಿನೀರು. ಮೇಲೆ ಹೇಳಿದ ಸುಣ್ಣದ ತಿಳಿನೀರನ್ನು ಈ ಸಿಹಿನೀರಿನ ಬದಲಿಗೆ ಬಳಸಬಹುದು. ವಿದ್ಯುತ್ತು ನಿಂತಾಗ ಬ್ಯಾಟರಿಯಿಂದ ನಡೆಯುವ ಗಾಳಿಯ ಪಂಪು ಇರಲೇಬೇಕು. ಅದೂ ಇಲ್ಲದಿದ್ದರೆ ಆನಾ ಥಿನ್ ಅವರ ಮನೆಯಲ್ಲಿ ಮಾಡುತ್ತಿದ್ದಂತೆ ಚೊಂಬಿನಿಂದ ನೀರೆತ್ತಿ ಸುರಿಯುವುದೂ ಜೀವವುಳಿಸುವ ಉಪಾಯವೇ.

೬. ಕಾನೂನೂ ಕರ್ತವ್ಯವೂ

ಇಷ್ಟಾದ ಮೇಲೂ ಮುಖ್ಯ ಪ್ರಶ್ನೆಯು ಉಳಿಯುತ್ತದೆ: ಹವಳವನ್ನು ಮನೆಗೆ ತರಬಹುದೇ? ೧೯೭೨ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಒಂದನೆಯ ಅನುಸೂಚಿಗೆ ೨೦೦೧ರಲ್ಲಿ ದಿಬ್ಬ ಕಟ್ಟುವ ಎಲ್ಲ ಕಲ್ಲುಹವಳಗಳನ್ನೂ, ಕಪ್ಪು ಹವಳ, ಬೆಂಕಿ ಹವಳ, ಕಡಲಬೀಸಣಿಗೆಗಳನ್ನೂ ಸೇರಿಸಲಾಯಿತು. ಕಡಲಕುದುರೆ, ಕಡಲಸೌತೆಗಳಿಗೂ ಅದೇ ಕಾಲದಲ್ಲಿ ರಕ್ಷಣೆ ದೊರೆಯಿತು. ಹುಲಿಗೂ ಆನೆಗೂ ಇರುವ ಅನುಸೂಚಿಯೇ ಇದು. ೨೦೨೨ರ ತಿದ್ದುಪಡಿಯ ನಂತರವೂ ಹವಳಗಳು ಒಂದನೆಯ ಅನುಸೂಚಿಯಲ್ಲಿಯೇ ಇವೆ. ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಸೈಟಿಸ್ ಒಪ್ಪಂದದ ನಿರ್ಬಂಧವುಂಟು. ಮನ್ನಾರ್ ಕೊಲ್ಲಿಯ ಕರೆಯಲ್ಲಿ ಸುಣ್ಣಕ್ಕಾಗಿ ಹವಳದ ದಿಬ್ಬಗಳನ್ನು ಅಗೆದು ಸುಡುತ್ತಿದ್ದ ಕಾಲವೊಂದಿತ್ತು. ಅಲ್ಲಿ ಕಳೆದುಹೋದ ದಿಬ್ಬಗಳು ಮರಳಿ ಬೆಳೆದಿಲ್ಲ. ಕಡಲಿನಿಂದ ಕಿತ್ತ ಹವಳವನ್ನು ಗುಟ್ಟಾಗಿ ಕೊಳ್ಳುವವನು ಅಪರಾಧಿಯಾಗುವುದಲ್ಲದೆ, ಬಿಸಿಯಿಂದ ಆಗಲೇ ನರಳುತ್ತಿರುವ ದಿಬ್ಬಗಳಿಗೆ ಇನ್ನೊಂದು ಪೆಟ್ಟನ್ನು ಕೊಡುತ್ತಾನೆ. ಆದುದರಿಂದ ನಮ್ಮ ದೇಶದ ಮನೆತೊಟ್ಟಿಯಲ್ಲಿ ಕಲ್ಲುಹವಳಕ್ಕೆ ಸ್ಥಳವಿಲ್ಲವೆಂದೇ ನಾವು ಸ್ಪಷ್ಟವಾಗಿ ಹೇಳಬೇಕಾಗಿದೆ.

ಹಾಗೆಂದು ತೊಟ್ಟಿಯನ್ನೇ ಬಿಡಬೇಕಾಗಿಲ್ಲ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನ ಸಂಸ್ಥೆಯು ವಿಳಿಞಂ, ಮಂಡಪಂ ಕೇಂದ್ರಗಳಲ್ಲಿ ವಿದೂಷಕ ಮೀನುಗಳನ್ನು ಮೊಟ್ಟೆಯಿಂದ ಬೆಳೆಸುವ ಕ್ರಮವನ್ನು ಸಾಧಿಸಿದೆ. ಹೀಗೆ ಮರಿಮಾಡಿಸಿದ ಮೀನುಗಳು ಕಡಲಹೂವಿನ ಆಸರೆಯಿಲ್ಲದೆಯೂ ಚೆನ್ನಾಗಿ ಬಾಳುತ್ತವೆ. ಇವುಗಳೊಡನೆ ಬಸವನಹುಳು, ಸುಣ್ಣಪಾಚಿಗಳಿದ್ದರೆ ಮೇಲೆ ವಿವರಿಸಿದ ಎಲ್ಲ ಕ್ರಿಯೆಗಳೂ ನೋಡಸಿಗುತ್ತವೆ. ಯಾವ ಜೀವಿಯನ್ನು ಕೊಳ್ಳುವಾಗಲೂ ಅದು ಸಾಕಿ ಬೆಳೆಸಿದುದೇ ಎಂದು ವಿಚಾರಿಸಬೇಕು.

ಕಲ್ಲನ್ನು ನಾವೇ ಮಾಡಿಕೊಳ್ಳಬಹುದು. ಒಂದು ಪಾಲು ಸಿಮೆಂಟಿಗೆ ಮೂರು ನಾಲ್ಕು ಪಾಲು ಸುಣ್ಣಕಲ್ಲಿನ ಜಲ್ಲಿಯನ್ನೂ ಹರಳುಪ್ಪನ್ನೂ ಬೆರಸಿ ಅಚ್ಚುಹಾಕಿದರೆ, ನೀರಿನಲ್ಲಿ ನೆನೆಸಿದಾಗ ಉಪ್ಪು ಕರಗಿ ರಂಧ್ರಗಳು ಉಳಿಯುತ್ತವೆ. ನೀರನ್ನು ಬದಲಿಸುತ್ತ ಆರೆಂಟು ವಾರ ನೆನೆಸಿ, ಪಿ.ಎಚ್. ಇಳಿದ ಮೇಲೆ ತೊಟ್ಟಿಗಿಡಬೇಕು. ಜಲ್ಲಿಯನ್ನು ಪರೀಕ್ಷಿಸಲು ಒಂದು ಹನಿ ಆಮ್ಲ ಸಾಕು: ಸುಣ್ಣಕಲ್ಲು ಒಡನೆ ನೊರೆಯುತ್ತದೆ; ಡಾಲೊಮೈಟ್ ಪುಡಿಮಾಡಿದರೆ ಮಾತ್ರ ನೊರೆಯುತ್ತದೆ; ಬಾದಾಮಿಯ ಮರಳುಗಲ್ಲೂ ಇಳಕಲ್ಲಿನ ಗ್ರಾನೈಟೂ ಸುಮ್ಮನಿರುತ್ತವೆ. ಗ್ರಾನೈಟು ತೊಟ್ಟಿಯೊಳಗೆ ಪ್ರಯೋಜನವಾಗದಿದ್ದರೂ, ನೂರು ಲೀಟರಿಗೆ ಗಾಜು, ಕಲ್ಲು, ಮರಳು ಕೂಡಿ ನೂರೈವತ್ತು ಕಿಲೋ ಭಾರವನ್ನು ಹೊರುವ ಪೀಠಕ್ಕೆ ಅದಕ್ಕಿಂತ ಒಳ್ಳೆಯ ಕಲ್ಲು ಬೇರೆ ಬೇಡ.

ಕೊನೆಯದಾಗಿ ಒಂದು ಮಾತು. ತೊಟ್ಟಿಯ ಅಲಂಕಾರಕ್ಕಾಗಿ ಸ್ಟ್ರೊಮಾಟೊಲೈಟಿನ ಕಲ್ಲನ್ನು ಯಾರೂ ಒಡೆಯಬಾರದು. ದಟ್ಟವಾದ ಆ ಕಲ್ಲಿನಲ್ಲಿ ರಂಧ್ರಗಳಿಲ್ಲದಿರುವುದರಿಂದ ತೊಟ್ಟಿಗೆ ಅದರಿಂದ ವಿಶೇಷ ಲಾಭವಿಲ್ಲ. ಒಡೆದರೆ ಆಗುವ ನಷ್ಟಕ್ಕೆ ಪರಿಹಾರವಿಲ್ಲ. ಸುಣ್ಣಕ್ಕೂ ಸಿಮೆಂಟಿಗೂ ಕಲ್ಲು ತೆಗೆಯುವ ಗಣಿಗಳ ಅಂಚಿನಲ್ಲಿ ಇಂಥ ಪದರಗಳು ಗುರುತಿಸುವವರಿಲ್ಲದೆ ಅಳಿಯುವ ಸಂಭವವುಂಟು. ಈ ಸೀಮೆಯ ಶಾಲಾ ಕಾಲೇಜುಗಳ ಅಧ್ಯಾಪಕರು ತಮ್ಮ ಊರಿನ ಸಮೀಪದಲ್ಲಿ ವರ್ತುಲವರ್ತುಲವಾಗಿ ಕಾಣುವ ಸುಣ್ಣಶಿಲೆಗಳನ್ನು ಗುರುತಿಸಿ, ಸ್ಥಳವನ್ನೂ ಚಿತ್ರವನ್ನೂ ದಾಖಲಿಸಿ ಭೂವಿಜ್ಞಾನ ವಿಭಾಗಗಳಿಗೆ ತಿಳಿಸಿದರೆ ದೊಡ್ಡ ಉಪಕಾರವಾದೀತು. ವಿದ್ಯಾರ್ಥಿಗಳು ಮೊದಲು ತೊಟ್ಟಿಯಲ್ಲಿ ಲೋಳೆಯ ಚಾಪೆಯನ್ನು ನೋಡಿ, ಆಮೇಲೆ ಬಂಡೆಯ ಮೇಲಿನ ವರ್ತುಲಗಳನ್ನು ನೋಡಲಿ. ಹತ್ತು ವ್ಯಾಖ್ಯಾನಗಳಿಂದ ತಿಳಿಯದುದು ಅಷ್ಟರಿಂದ ತಿಳಿದುಬರುವುದೆಂದು ನಾವು ನಂಬುತ್ತೇವೆ.